ಕಪ್ಪು ಚುಕ್ಕೆ

ಈ ಮನೆಗೆ ಎರಡನೆಯವಳಾಗಿ ಬಂದಾಗ
ಕತ್‌ಬರ್ಟ್ ನನ್ನ ಕೈಗಿತ್ತದ್ದು ಮೂರೇ:
ಹಿತ್ತಿಲ ಬಾಗಿಲಿನ ಬೀಗದಕೈ,
ಹಿಡಿ ಸವೆದ ಕತ್ತರಿ,
ಎಡಿತ್ ನೆಟ್ಟ ಹನ್ನೊಂದು ಗುಲಾಬಿ.

ಮೊದಲ ಬೇಸಿಗೆಗೇ ಎಲೆಗಳ ಮೇಲೆ ಕಪ್ಪು ಚುಕ್ಕೆ.
ಒಂದು, ಆಮೇಲೆ ನಾಲ್ಕು, ಸುತ್ತ ಹಳದಿ,
ಆಮೇಲೆ ಮುಟ್ಟುವ ಮೊದಲೇ ಉದುರುವ ಎಲೆ.
ಜುಲೈ ಮುಗಿಯುವಷ್ಟರಲ್ಲಿ ಗಿಡಗಳೆಲ್ಲ
ಪುಕ್ಕ ತರಿದ ಕೋಳಿ.

ಬೇಲಿಯಾಚೆ ಮಿಸೆಸ್ ಥರ್ಲ್‌ವೆಲ್ ಬಟ್ಟೆ ಹರವುತ್ತ,
ಕ್ಲಿಪ್ಪು ಬಾಯಲ್ಲಿ ಕಚ್ಚಿಕೊಂಡೇ ಅಂದಳು:
"ಎಡಿತ್ ಇದ್ದಾಗ ಒಂದು ಚುಕ್ಕೆ ಕಂಡವರಿಲ್ಲ."

ನಾನು ಏನೂ ಅನ್ನಲಿಲ್ಲ.
ಅನ್ನಬೇಕಾದ್ದನ್ನೆಲ್ಲ ಹೇನುಗಳಿಗೆ ಅಂದೆ,
ಮೊಗ್ಗಿನ ಕುತ್ತಿಗೆಗೆ ಮುತ್ತಿಕೊಂಡ ಹಸಿರು ಹೇನು.
ಎರಡು ಬೆರಳ ನಡುವೆ ಒರೆಸಿ ಒರೆಸಿ
ಉಗುರು ಹಸಿರಾಯಿತು.
ಬುಡದಿಂದ ಸೆಟೆದೆದ್ದ ಕಾಡು ಚಿಗುರನ್ನು ಕತ್ತರಿಸಿದೆ;
ಒಂದು ಹೋಗಿ ಎರಡಾಯಿತು.

ಲೀಕ್ ಬೆಳೆದು ಬಹುಮಾನ ಗೆಲ್ಲುವ ಮುದುಕ ಜಾಬ್ಲಿಂಗ್
ಬೇಲಿಗೆ ಸೈಕಲ್ ಒರಗಿಸಿ ನಿಂತ.
"ಕತ್ತರಿಸಬಾರದು, ಮುರಿಯಲ್. ಮಣ್ಣು ಕೆದಕಿ
ಹುಟ್ಟಿದ ಜಾಗದಿಂದಲೇ ಕಿತ್ತೆಳೆ.
ಇದು ಕಸಿ. ಮೇಲಿನದು ಬೇರೆ, ಬೇರು ಬೇರೆ.
ಕಣ್ಣು ತಪ್ಪಿಸಿದೆಯೋ, ಬೇರು ತನ್ನ ಹೂವನ್ನೇ ಬಿಡುತ್ತೆ."
ನಗು ಬಂತು.
ಕಸಿಯ ಪಾಠ ನನಗೆ ಹೇಳುತ್ತಾನೆ.

ಚುಕ್ಕೆ ತೋರಿಸಿದೆ. ಅವನು ಎಲೆ ನೋಡಲಿಲ್ಲ,
ಊರಿನ ಮೇಲಣ ಖಾಲಿ ಆಕಾಶ ನೋಡಿದ.
"ಅಗೋ, ಅಲ್ಲಿ ಏನೂ ಇಲ್ಲ, ಕಾಣಿಸಿತೆ?
ಉಕ್ಕಿನ ಕುಲುಮೆ ಉರಿಯುವಾಗ ಗಾಳಿಯೇ ಗಂಧಕ.
ಮೂರು ಪಾಳಿಯಲ್ಲೂ ಔಷಧಿ ಹೊಡೆಯುತ್ತಿತ್ತು, ಬಿಟ್ಟಿ.
ಬೂಷ್ಟಿಗೆ ಉಸಿರಾಡಲಾದರೂ ಜಾಗ ಬೇಡವೆ?
ಕಾನ್ಸೆಟ್‌ನ ಗುಲಾಬಿಗೆ ಸಮ ಯಾವುದೂ ಇರಲಿಲ್ಲ.
ಎಂಬತ್ತರಲ್ಲಿ ಬೀಗ ಬಿತ್ತು. ಈಗ ಗಾಳಿ ಶುದ್ಧ.
ಅನುಭವಿಸು."

ಅಂದರೆ ಎಡಿತ್‌ಳ ಕೈಗುಣ ಅಲ್ಲ,
ನನ್ನ ಕೈಗುಣವೂ ಅಲ್ಲ.
ಮೆಟ್ಟಿಲ ಮೇಲೆ ಕೂತು ಗೆದ್ದವಳ ಹಾಗೆ ಚಹಾ ಕುಡಿದೆ.

ರಾತ್ರಿ ಕತ್‌ಬರ್ಟ್‌ಗೆ ಹೇಳಿದೆ, ಸ್ವಲ್ಪ ಜೋರಾಗಿಯೇ.
ಅವನು ಮೊದಲು ಕೆಮ್ಮಿದ,
ಮುಗಿಯುವ ತನಕ ಇಬ್ಬರೂ ಕಾದೆವು.
"ಅವಳಿಗೂ ಇತ್ತು ಇದು," ಅಂದ.
"ಅವಳು ಕಾರ್ಖಾನೆಯ ಗೇಟು ದಾಟಿದವಳಲ್ಲ.
ಹಿತ್ತಿಲಲ್ಲಿ ಇರುತ್ತಿದ್ದಳು, ಅಷ್ಟೇ.
ಒಣಹಾಕಿದ ಹಾಸಿನ ಮೇಲೆ ಕೆಂಪು ಧೂಳು,
ಕೊಡವುತ್ತಿದ್ದಳು, ಮತ್ತೆ ಒಗೆಯುತ್ತಿದ್ದಳು."

ಚಹಾ ಲೋಟ ತೊಳೆದಿಟ್ಟೆ.

ಮಾರ್ಚಿನಲ್ಲಿ ಹೊರಮುಖದ ಕಣ್ಣಿನ ಮೇಲೆ
ಓರೆಯಾಗಿ ಕತ್ತರಿಸಿದೆ,
ನಡುವೆ ಗಾಳಿಯಾಡಲಿ ಎಂದು.
ಬೆಳಿಗ್ಗೆ, ಬುಡಕ್ಕೆ ಮಾತ್ರ ನೀರು.
ಉದುರಿದ ಎಲೆ ಗೊಬ್ಬರದ ಗುಂಡಿಗಲ್ಲ, ಬೆಂಕಿಗೆ.
ಹಿಮಕ್ಕೆ ಸತ್ತ ಒಂದರ ಜಾಗದಲ್ಲಿ
ನನ್ನದೊಂದು ನೆಡಹೋದರೆ ಜಾಬ್ಲಿಂಗ್ ತಡೆದ:
"ಗುಲಾಬಿ ಸತ್ತ ಕುಣಿಯಲ್ಲಿ ಗುಲಾಬಿ ಏಳದು.
ಮಣ್ಣಿಗೆ ಹಳಬಳ ಋಣವಿರುತ್ತೆ."
ಎರಡಡಿ ಅಗೆದೆ. ತಳ್ಳುಗಾಡಿಯಲ್ಲಿ ಏಳು ಸಲ ಮಣ್ಣು ಹೊತ್ತು
ಆಲೂಗಡ್ಡೆಯ ಪಾತಿಗೆ ಸುರಿದೆ,
ಅಲ್ಲಿಯ ಮಣ್ಣು ಇಲ್ಲಿಗೆ ತಂದೆ.
ಎಡಿತ್‌ಳ ಮಣ್ಣಿನಲ್ಲಿ ಆಲೂಗಡ್ಡೆ ಚೆನ್ನಾಗಿ ಬಂತು.
ಬೆಣ್ಣೆ ಹಾಕಿ ತಿಂದೆವು.

ಈ ವರ್ಷವೂ ಚುಕ್ಕೆ ಬಂದಿದೆ. ಕಡಿಮೆ ಅನ್ನಬಹುದು.
ಬೇಲಿಯಾಚೆಯ ಹಾಸು ಬೆಳ್ಳಗೇ ಒಣಗುತ್ತಿದೆ;
ಅದರ ಬಗ್ಗೆ ಮಿಸೆಸ್ ಥರ್ಲ್‌ವೆಲ್ ಏನೂ ಹೇಳುವುದಿಲ್ಲ.
ಮಡಚುವ ಕುರ್ಚಿಯಲ್ಲಿ ಕತ್‌ಬರ್ಟ್
ಒಂದೊಂದು ದಿನ, ನಡುವೆ ಎಲ್ಲೂ ತಡೆಯದೆ,
ಇಡೀ ಒಂದು ಉಸಿರು ಎಳೆದುಕೊಳ್ಳುತ್ತಾನೆ.
ನಾನು ಬಗ್ಗಿ ಎಲೆ ಆಯುತ್ತಿರುತ್ತೇನೆ,
ಚುಕ್ಕೆ ಎಣಿಸುವುದಿಲ್ಲ.