ಮೊಳಕೈ ಅಳತಿ

ಮೊಬೈಲಿನಾಗ ಅದು ಹದಿನಾಲ್ಕೂವರಿ ಸಾವಿರ.
ಎರಡು ಜಾಯ್‌ಸ್ಟಿಕ್ಕು, ಹದಿನಾರು ಗುಂಡಿ, ಕೆಂಪು ನೀಲಿ ದೀಪ,
ಪೆಟ್ಟಿಗಿ ಒಡದು ಟೀವಿಗೆ ಚುಚ್ಚಿದರ ಆತು, ಆಟ ಶುರು.
"ತಗೊಂಡ್ಬಿಡ್ರಿ" ಅಂದಳು ಕಸ್ತೂರಿ, ಮೆಂತೆಪಲ್ಲೆ ಸೋಸಕೋತ,
"ನಿಮಗ ಮೊಳಿ ಬಡಿಯಾಕ ಬರಂಗಿಲ್ಲ.
ಗ್ವಾಡಿ ಗಡಿಯಾರ ಇನ್ನೂ ಕಪಾಟಿನ ಮ್ಯಾಲೆ ಮಲಗೇತಿ."

ಖರೇ ಐತಿ.
ಆದರೂ ಗೋಕುಲ ರೋಡಿಗೆ ಹೋಗಿ
ಹದಿನೆಂಟು ಎಂಎಂ ಪ್ಲೈವುಡ್ಡು ತಂದೆ.
ದುರ್ಗದಬೈಲಿನ ಹಿಂದಿನ ಓಣ್ಯಾಗ
ಸೋಲ್ಡರ್ ಕಡ್ಡಿ, ಆರು ಬಣ್ಣದ ತಂತಿ,
ತೂತು ಕೊರೆಯೋ ಗರಗಸದ ಬಿಟ್ಟು, ಕರೀ ಸನ್‌ಮೈಕಾ.
ರಾತ್ರಿ ಕೂಡಿಸಿದರ
ಹದಿನಾರು ಸಾವಿರದ ಇನ್ನೂರಾ ನಲವತ್ತು.
ಆಕಿಗೆ ಹೇಳಲಿಲ್ಲ.
ಚೀಟಿ ಚಪ್ಪಲಿ ಸ್ಟ್ಯಾಂಡಿನ ಬುಡಕ ಐತಿ.

ಬಡಿಗೇರ ಮೌನೇಶ ಪೆನ್ಸಿಲ್ ಕಿವಿಗೆ ಸಿಗಿಸಿ ಕೇಳಿದ:
"ಅಗಲ ಎಷ್ಟ್ ಇಡೂಣ್ರೀ?"
ಇಂಚು ನನಗ ಗೊತ್ತಿರಲಿಲ್ಲ.
ಗೊತ್ತಿದ್ದದ್ದು ತುಳಜನಸಾನ ಅಂಗಡಿ,
ಜಿನಿ ಕೆಳಗಿನ ಕತ್ತಲಿ, ರೂಪಾಯಿಗೊಂದು ಬಿಲ್ಲೆ.
ಅಣ್ಣನ ಟೊಪಿಗಿಯೊಳಗ ಜಡಿ ತುರುಕಿ
ಅಕ್ಕ ನನ್ನ ಬಲಕ್ಕ ನಿಂತರ
ಆಕಿ ಮೊಳಕೈ ನನ್ನ ಪಕ್ಕಡಿಗೆ ತಿವೀತಿತ್ತು.
ಆಕಿ ಗೆಲ್ಲತಿದ್ದದ್ದು ಅರ್ಧ ಬೆರಳಿನಿಂದ,
ಅರ್ಧ ಅದರಿಂದ.

ಮೊಬೈಲಿನಾಗಿನ ಪೆಟ್ಟಿಗ್ಯಾಗ
ಇಬ್ಬರ ನಡುವಿನ ಜಾಗಾ
ಯಾರ ಮೈ ಅಳದು ಬಿಟ್ಟಾರೋ.

ಫೋನ್ ಮಾಡಿದೆ.
ಕೇಶ್ವಾಪುರದಿಂದ ಸ್ಕೂಟಿ ಮ್ಯಾಲೆ ಬಂದಳು,
ಬ್ಯಾಂಕಿನ ಐಡಿ ಕಾರ್ಡು ಇನ್ನೂ ಕೊರಳಾಗ.
"ಇದಕ್ಕ ಕರದೀ?" ಅಂದಳು, ಸೆರಗು ಸಿಗಿಸಿದಳು.
ಫ್ರಿಜ್ಜಿನ ರಟ್ಟು ಟೇಬಲ್ಲಿಗೆ ಹಾಸಿ
ಹೆಗಲಿಗೆ ಹೆಗಲು ಹಚ್ಚಿ ನಿಂತಿವಿ.
ಮೌನೇಶ ಸುಣ್ಣದ ಕಡ್ಡಿಲೆ ಗೀಟು ಎಳದ,
ಟೇಪು ಹಿಡದ, ನಕ್ಕ:
"ಮೂವತ್ತೆಂಟ್ರೀ. ಇದು ಪ್ಯಾನೆಲ್ಲೋ, ಮನಿ ಮುಂದಿನ ಕಟ್ಟಿಯೋ?"
"ಇಪ್ಪತ್ತನಾಕು ಹಾಕು" ಅಂದಳಕ್ಕ, "ಆಗಿನ ಅಳತಿ ಹಾಕು."
"ಆಗಿನ ಮೈ ಎಲ್ಲಿಂದ ತರ್ತೀರಿ, ಅಕ್ಕಾರ?"
ಮೂವತ್ತೆರಡಕ್ಕ ರಾಜಿ ಆತು.

ಹದಿನಾರು ತೂತು ಮೌನೇಶಂದು.
ಹದಿನೇಳನೇದು ನಂದು,
ಯಾವ ಗುಂಡಿಗೂ ಬ್ಯಾಡಾದದ್ದು.
ಅಕ್ಕ ಅದರಾಗ ಬೆರಳು ತೂರಿಸಿ ಕೇಳಿದಳು:
"ಇದು ಯಾರಿಗೋ?"

ತಂತಿ ಹಚ್ಚಿಲ್ಲ ಇನ್ನೂ. ಟೀವಿ ಕರ್ರಗ ಐತಿ.
ಐತವಾರ ಸಂಜಿಮುಂದ
ಸುಮ್ಮನ ಒತ್ತಿ ನೋಡಾಕ ನಿಂತಿವಿ.
ಟಕ್. ಟಕ್. ಟಟಕ್ ಟಕ್.
ಮೊಳಕೈ ಪಕ್ಕಡಿಗೆ ಬಂತು.
"ಸತ್ತಿ" ಅಂದಳು.
ಹೌದು, ಸತ್ತಿದ್ದೆ; ಇಬ್ಬರಿಗೂ ಕಂಡಿತ್ತು.
"ಇನ್ನೊಂದು ಜೀವ ಐತಿ ನಂದು" ಅಂದೆ.

ಕಸ್ತೂರಿ ಬಾಗಲದಾಗ ನಿಂತು
ಕರೀ ಟೀವಿ ನೋಡಿದಳು, ನಮ್ಮನ್ನ ನೋಡಿದಳು.
ಆಕಿ ಕೈಯಾಗ
ಆ ಚೀಟಿ ಇತ್ತು.