ಉಪ್ಪಿನ ಲೆಕ್ಕ

ಬೈತಖೋಲ ಬಂದರಿನಲ್ಲಿ ಹರಾಜು ಮುಗಿದು
ಬುಟ್ಟಿಗಳಲ್ಲಿ ಬಂಗಡೆಯ ನೀರಷ್ಟೇ ಉಳಿದಿತ್ತು.
ಐಸ್ ಒಡೆಯುವ ನಾನು ಸುತ್ತಿಗೆ ಕೆಳಗಿಟ್ಟು
ಚಹಕ್ಕೆ ಕಾಯುತ್ತಿದ್ದೆ. ರೇಡಿಯೋ ಹೇಳಿತು:
ಯಾವುದೋ ದೇಶ, ಯಾವುದೋ ಬಂದರು,
ಅಲ್ಲಿನವರನ್ನು ಅಲ್ಲಿನವರೇ ಕೊಲ್ಲುತ್ತಿದ್ದಾರಂತೆ;
ಪಡೆ ಕಳಿಸಬೇಕೋ ಬೇಡವೋ, ಕಳಿಸಿದರೆ ಎಷ್ಟು,
ದಿಲ್ಲಿಯಲ್ಲಿ ಚರ್ಚೆ ನಡೆದಿದೆಯಂತೆ.

ಇಲ್ಲಿಯೂ ಶುರುವಾಯಿತು.

ಇಪ್ಪತ್ತೆರಡು ವರ್ಷ ನೌಕಾಪಡೆಯಲ್ಲಿ
ಬಾವುಟ ಏರಿಸಿ ಇಳಿಸಿದ ಉಲ್ಲಾಸ ತಾಂಡೇಲರು
ಚೆಲ್ಲಿದ ಚಹದಲ್ಲೇ ಬೆಂಚಿನ ಮೇಲೆ ನಕಾಶೆ ಬರೆದರು:
"ಎರಡು ಹಡಗು ಸಾಕು. ದಡದಿಂದ ಕಾಣಿಸಿದರೆ ಸಾಕು."
"ಕಂಡೂ ಹೆದರದಿದ್ದರೆ?" ಅಂದ ಇನಾಸ,
ಟ್ಯಾಂಕರುಗಳಲ್ಲಿ ಅನ್ನ ಬೇಯಿಸಿ ಮುದುಕನಾದವ.
"ಆಗ ಮೂರನೆಯದು. ಆಮೇಲೆ ವಿಮಾನ.
ವಿಮಾನ ಕಾಯಲು ಜನ. ಜನಕ್ಕೆ ಊಟ.
ಊಟಕ್ಕೆ ನನ್ನಂಥವ. ಅಡುಗೆಯವ ಬಂದಿಳಿದ ಅಂದರೆ, ತಾಂಡೇಲ್ರೇ,
ಯಾರೂ ಬೇಗ ಮನೆಗೆ ಹೋಗೂದಿಲ್ಲ ಅಂತ ಅರ್ಥ."

ನಾವು ನಕ್ಕೆವು. ತಾಂಡೇಲರು ನಗಲಿಲ್ಲ.
"ಎಲ್ಲಕ್ಕೂ ಒಂದು ಹದ ಇದೆ. ಶೇವಂತಿಯನ್ನೇ ಕೇಳಿ.
ಒಣಮೀನಿಗೆ ಉಪ್ಪು ಕಮ್ಮಿಯಾದರೆ ಹುಳ,
ಹೆಚ್ಚಾದರೆ ಬಾಯಿಗಿಡುವ ಹಾಗಿಲ್ಲ.
ಬಲವೂ ಅಷ್ಟೇ."

ಸಾಣಿಕಟ್ಟೆಯ ಹರಳುಪ್ಪು ಮುಷ್ಟಿಯಲ್ಲಿದ್ದ ಶೇವಂತಿ
ತಲೆ ಎತ್ತದೆ ಅಂದಳು:
"ನಾನು ಉಪ್ಪು ಹಾಕೂದು ಸತ್ತ ಮೀನಿಗೆ."

ಹಗ್ಗದ ಮೇಲಿನ ಕಾಗೆ ಕೂಡ ಸುಮ್ಮನಾಯಿತು.
ಇನಾಸ ಕೇಳಬಾರದಿತ್ತು, ಕೇಳಿದ:
"ನಿನ್ನ ತಮ್ಮನ ಹಡಗನ್ನು ಕಡಲ್ಗಳ್ಳರು ಹಿಡಿದ ವರ್ಷ
ಡಿಸಿ ಆಫೀಸಿನ ಮೆಟ್ಟಿಲ ಮೇಲೆ ಕೂತವಳು ನೀನೇ ಅಲ್ಲವಾ,
ಪಡೆ ಕಳಿಸಿ ಅಂತ?"

"ಕೂತಿದ್ದೆ. ಹತ್ತು ದಿನ.
ಎಷ್ಟು ಕಳಿಸೂದು ಅಂತ ಯಾರೂ ಕೇಳಲಿಲ್ಲ.
ಕೇಳಿದ್ದರೆ ಇದ್ದದ್ದೆಲ್ಲ ಅಂತಿದ್ದೆ.
ಆ ದಂಡೆಯ ಮೇಲೆ ಒಂದು ಗುಡಿಸಲು ಉಳಿಯದಿದ್ದರೂ
ನನಗೇನು? ಹಾಗಿತ್ತು ಹೊಟ್ಟೆ.
ಅದಕ್ಕೇ ಹೇಳೂದು, ನನ್ನನ್ನು ಕೇಳಬೇಡಿ.
ತಮ್ಮ ಇಲ್ಲದವರನ್ನೂ ಕೇಳಬೇಡಿ."

ಮತ್ತೆ ಯಾರನ್ನು ಕೇಳೂದು ಅಂತ
ನನ್ನ ಬಾಯಿಗೆ ಬಂದದ್ದು ಅಲ್ಲೇ ನಿಂತಿತು.
ಐಸ್ ಗಡ್ಡೆ ಹೊಟ್ಟಿನೊಳಗೇ ಮೂಲೆ ಕಳೆದುಕೊಂಡಿತ್ತು.

ಗುಡ್ಡದ ಆಚೆ, ಮೊದಲು ಶೇವಂತಿಯ ತವರಿದ್ದಲ್ಲಿಂದ,
ಬೂದು ಬಣ್ಣದ ಹಡಗೊಂದು ಹೊರಬಂದು
ಪಶ್ಚಿಮಕ್ಕೆ ಮುಖ ಮಾಡಿತು.
ತಾಂಡೇಲರು ಎದ್ದು ನಿಂತರು, ಹಳೆಯ ಅಭ್ಯಾಸ.
ಹಣೆಗೆ ಕೈ ಹಚ್ಚಿ ಬಾವುಟಗಳನ್ನು ನೋಡಿದರು, ತುಟಿ ಅಲುಗಿತು.
ಏನು ಬರೆದಿದೆ, ಕೇಳಿದೆ.

"ದೂರ ಆಯ್ತು," ಅಂದರು.
"ಇಲ್ಲಿಂದ ಓದಲಿಕ್ಕೆ ಬರೂದಿಲ್ಲ."