ಕಾಟಾ

ಆರಕ್ಕ ಪಾಳಿ ಬಿಟ್ಟು ಬಂದಾಗ
ಮುಧೋಳದ ಮ್ಯಾಲಿನ ಆಕಾಶ
ಸೋಸದ ಕಬ್ಬಿನ ಹಾಲು.
ಒಣಹಾಕಿದ ಅಂಗಿ ಮ್ಯಾಲೆ ಕರೀ ಹರಳು,
ಫ್ಯಾಕ್ಟರಿ ಚಿಮಣಿ ಉಗುಳಿದ ಸಿಪ್ಪಿಬೂದಿ.
ಆ ಚಿಮಣಿಯ ಬೋನಸ್ಸಿನಾಗ ತಂದದ್ದು ಈ ದುರ್ಬೀನು.
ಬೈಯಲಿ ಯಾರನ್ನ?

ಹಿತ್ತಲಾಗ ನೀರಿನ ಹಂಡೆ, ಅದರ ಮಗ್ಗಲಿಗೆ
ಮೀರಾಸಾಬ ಬೆಸುಗಿ ಹಾಕಿಕೊಟ್ಟ ಮೂರು ಕಾಲಿನ ಸ್ಟ್ಯಾಂಡು.
ಒಂದು ಕಾಲು ಗಿಡ್ಡ, ಕೆಳಗ ಫರಸಿ ಚೂರು ಇಟ್ಟೀನಿ.

ಮೊದಲ ತಾಸು ನೋಡಬಾರದು.
ಹಗಲೆಲ್ಲ ಕಾದ ನೆಲ ಉಸಿರು ಬಿಡತಿರತೈತಿ.
ಅವಸರಪಟ್ಟು ಕಣ್ಣಿಟ್ಟರ
ಗುರು ಅಂದ್ರ
ಕಾದ ಎಣ್ಣಿಯೊಳಗಿನ ಬೂಂದಿಕಾಳು.

ಕಸ್ತೂರೆವ್ವ ಗೋಡಿ ಮ್ಯಾಲಿಂದ ಇಣಕಿದಳು.
"ಏನ್ ಕಾಣತೈತೋ ಬಾಳೂ?"
"ಏನಿಲ್ಲಬೇ, ನಡಗತೈತಿ."
"ಥಂಡಿಗಿ ನಡಗತಿರಬೇಕು" ಅಂದು
ತನ್ನ ಶಾಲು ಬಿಗಿ ಮಾಡಿಕೊಂಡಳು.

ಕಾಯೋದು ನನಗ ಹೊಸದಲ್ಲ.
ಹದಿನೆಂಟು ವರ್ಷ ಕಾಟಾದ ಕಿಟಕಿಯೊಳಗ ಕೂತೀನಿ.
ಕಬ್ಬಿನ ಟ್ರ್ಯಾಲಿ ಏರಿದಾಗ ಕೆಂಪು ಅಂಕಿ ಕುಣೀತಾವು,
ಹದಿನಾರು ಟನ್ನು ನಾಕನೂರು, ಹದಿನಾರು ಒಂಬೈನೂರು.
"ಎಂಜಿನ್ ಬಂದ್ ಮಾಡಪಾ, ಇಳಿ,
ಹಿಡಕೊಂಡು ನಿಂದ್ರಬ್ಯಾಡ" ಅಂತೀನಿ.
ಆಮ್ಯಾಲೊಂದು ಗಳಿಗಿ, ನೊಣ ಕೂತರೂ ಕೆಡುವಂಥಾದ್ದು,
ಅಂಕಿ ನಿಂದರತೈತಿ.
ಬರಿಯೋದು ಅದನ್ನ.

ಗಾಳಿಗಿ ಎಂಜಿನ್ ಬಂದ್ ಮಾಡು ಅನ್ನಾವರು ಯಾರು?

ಒಂಬತ್ತಕ್ಕ ಶನಿ ಜಾರಿ ಜಾರಿ
ಚಿಮಣಿ ನೆತ್ತಿಗೇ ಬಂದು ಕೂತ.
ಈ ಸಲ ಬಳಿ ಅಡ್ಡ ತಿರುಗೇತಿ,
ತಕ್ಕಡಿ ದಂಡಿಯಷ್ಟು ತೆಳ್ಳಗ.
ಹೊಗಿ ತಾಕಿ ದಂಡಿ ಮೂರು ತುಂಡು,
ಕೂಡಿತು, ಮತ್ತ ತುಂಡು.
ಇಂಥಾ ತಕ್ಕಡಿಗೆ ನಾ ಸಹಿ ಹಾಕಂಗಿಲ್ಲ.

ನೆತ್ತಿ ಮ್ಯಾಲಿನ ಗುರುವಿನ ಕಡೆ ತಿರುಗಿಸಿದೆ.
ಚಂದ್ರ ಮೂರೇ. ನಾಕನೇದು ಹಿಂದೆಲ್ಲೋ ಅಡಗೇತಿ ಅಂದುಕೊಂಡೆ.
ಕಣ್ಣಾಗ ನೀರು ಬಂತು, ಕಿವ್ಯಾಗ ಸೊಳ್ಳಿ ಬಂತು,
ರಸ್ತೆದಾಗ ಜೋಡಿ ಟ್ರ್ಯಾಲಿ
ಜೋರು ಹಾಡು ಹಚ್ಚಿಕೊಂಡು ಹೋತು,

ನಿಂತಿತು.

ಹೊಟ್ಟಿ ಮ್ಯಾಲೆ ಎರಡು ಕಂದು ಪಟ್ಟಿ,
ಕೆಳಗಿನ ಪಟ್ಟಿಯೊಳಗ ನೂಲಿನ ಗಂಟಿನಂಥಾದ್ದು,
ಅಂಚಿನ ಹತ್ತರ
ಸೂಜಿ ಚುಚ್ಚಿದಷ್ಟು ಕಪ್ಪು.
ನೆರಳು!
ನಾಕನೇ ಚಂದ್ರ ಹಿಂದಿಲ್ಲ, ಮುಂದೇ ಅದಾನ,
ಬೆಳಕಿನಾಗ ಬೆಳಕಾಗಿ ಕಾಣವಲ್ಲ.

ಒಂದು ಉಸಿರು. ಒಂದೂವರಿ ಇದ್ದೀತು.
ಮತ್ತ ಬೂಂದಿ.

ಕಸ್ತೂರೆವ್ವಗ ಕೂಗಬೇಕಂದ್ರ
ಆಕಿ ಮನಿ ದೀಪ ಆರಿತ್ತು.
ಹಳೇ ತೂಕದ ಚೀಟಿ ಹಿಂದ ಬರದೆ:
ಒಂಬತ್ತು ನಲವತ್ತೆರಡು. ಗುರು. ನೆರಳು ಒಂದು.
ಬರಿಯೂಮುಂದ ಚೀಟಿ ಮ್ಯಾಲೊಂದು ಕರೀ ಹರಳು ಬಿತ್ತು.
ಒರಸಾಕ ಹೋಗಿ ಮಸಿ ಮಾಡಿದೆ.
ಅಂಕಿ ಓದಾಕ ಬರತೈತಿ.